ರಕ್ತದ ಕ್ಯಾನ್ಸರ್ ಇರುವ ಮಕ್ಕಳಿಗೆ ಬೂಷ್ಟಿನ ಕಾಟ: ಜ್ವರವನ್ನು ಕಡೆಗಣಿಸಬೇಡಿ

ಬೂಷ್ಟು ಎಂದರೇನೆಂದು ಹೈನುಗಾರರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮಳೆ ನೀರು ಇಳಿದ ರಾಗಿ ಹುಲ್ಲಿನ ಮೆದೆಯನ್ನು ಬಿಚ್ಚಿದಾಗ ಏಳುವ ಕಪ್ಪು ಧೂಳು, ಥಂಡಿ ಹಿಡಿದ ಕಡಲೆಕಾಯಿ ಹಿಂಡಿಯ ಮೇಲೆ ಹಸಿರಾಗಿ ಹಬ್ಬುವ ಪುಡಿ, ಸರಿಯಾಗಿ ಮುಚ್ಚದ ಸೈಲೇಜ್ ಗುಂಡಿಯ ಅಂಚಿನ ಬಿಳಿ ಪದರ, ಅಟ್ಟದಲ್ಲಿ ಕೆಟ್ಟ ಕೊಬ್ಬರಿ, ಇವೆಲ್ಲವೂ ಶಿಲೀಂಧ್ರಗಳ ಕೆಲಸವೇ. ಬೂಷ್ಟು ಹಿಡಿದ ಹಿಂಡಿಯನ್ನು ರಾಸುಗಳಿಗೆ ಹಾಕಬಾರದೆಂದು ಪಶುವೈದ್ಯರು ಹೇಳುವುದನ್ನು ಸದಸ್ಯ ಬಾಂಧವರು ಹಲವು ಬಾರಿ ಕೇಳಿದ್ದೀರಿ.

ಈ ಬೂಷ್ಟಿನ ಕಣಗಳು ನಮ್ಮೆಲ್ಲರ ಮೂಗಿನೊಳಗೆ ಪ್ರತಿದಿನ ಹೋಗುತ್ತಲೇ ಇರುತ್ತವೆ. ಆರೋಗ್ಯವಂತರ ದೇಹ ಅವನ್ನು ಅಲ್ಲಲ್ಲೇ ಕೊಂದು ಹಾಕುತ್ತದೆ. ಆದರೆ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಮಗುವಿಗೆ ಅದೇ ಕಣ ಪ್ರಾಣಕ್ಕೆ ಕುತ್ತಾಗಬಹುದು. ಕ್ಯಾನ್ಸರ್ ಹತೋಟಿಗೆ ಬಂದ ಮೇಲೂ ಸೋಂಕಿನಿಂದ ಮಗುವನ್ನು ಕಳೆದುಕೊಳ್ಳುವ ಸಂಕಟ ಹಲವು ಕುಟುಂಬಗಳಿಗೆ ಬರುತ್ತದೆ. ಈ ಸೋಂಕು ಹೇಗೆ ಬರುತ್ತದೆ, ಆಸ್ಪತ್ರೆಯಲ್ಲಿ ಅದಕ್ಕೆ ಏನು ಮಾಡುತ್ತಾರೆ, ಮನೆಯವರು ಏನು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ರಕ್ತದ ಕ್ಯಾನ್ಸರ್ ಎಂದರೇನು?

ನಮ್ಮ ಮೂಳೆಗಳ ಒಳಗಿರುವ ಮಜ್ಜೆಯಲ್ಲಿ ರಕ್ತದ ಕಣಗಳು ತಯಾರಾಗುತ್ತವೆ. ಉಸಿರಿನ ಗಾಳಿಯನ್ನು ಸಾಗಿಸುವ ಕೆಂಪು ಕಣಗಳು, ರಕ್ತ ಸೋರದಂತೆ ತಡೆಯುವ ಪ್ಲೇಟ್‌ಲೆಟ್‌ಗಳು, ರೋಗಾಣುಗಳೊಡನೆ ಹೋರಾಡುವ ಬಿಳಿ ಕಣಗಳು ಎಲ್ಲವೂ ಹುಟ್ಟುವುದು ಅಲ್ಲಿಯೇ. ಎಳೆಯ ಬಿಳಿ ಕಣಗಳು ಬಲಿಯದೆ, ಲಗಾಮಿಲ್ಲದೆ ಬೆಳೆದು ಮಜ್ಜೆಯನ್ನೆಲ್ಲ ಆಕ್ರಮಿಸಿಕೊಳ್ಳುವ ಕಾಯಿಲೆಯೇ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಹೊಲದಲ್ಲಿ ಕಳೆ ಹಬ್ಬಿ ಪೈರಿಗೆ ಜಾಗವಿಲ್ಲದಂತಾಗುವ ಹಾಗೆ, ಇಲ್ಲಿ ಒಳ್ಳೆಯ ಕಣಗಳು ಹುಟ್ಟಲು ಜಾಗವೇ ಉಳಿಯುವುದಿಲ್ಲ. ಬಿಡದ ಜ್ವರ, ಬಿಳಚಿಕೊಂಡ ಮುಖ, ಕೈಕಾಲು ನೋವು, ಮೈಮೇಲೆ ಕಾರಣವಿಲ್ಲದೆ ಏಳುವ ನೀಲಿ ಕಲೆಗಳು, ಕುತ್ತಿಗೆಯಲ್ಲಿ ಗಂಟುಗಳು ಇದರ ಸಾಮಾನ್ಯ ಚಿಹ್ನೆಗಳು.

ಮಕ್ಕಳಲ್ಲಿ ಕಾಣುವ ಕ್ಯಾನ್ಸರ್‌ಗಳಲ್ಲಿ ಇದೇ ಹೆಚ್ಚು. ಒಂದು ಕಾಲದಲ್ಲಿ ಇದಕ್ಕೆ ಮದ್ದೇ ಇರಲಿಲ್ಲ. 1948ರಲ್ಲಿ ಅಮೆರಿಕದ ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಔಷಧದಿಂದ ಈ ಕಾಯಿಲೆ ಸ್ವಲ್ಪ ಕಾಲವಾದರೂ ಹಿಮ್ಮೆಟ್ಟುವುದನ್ನು ತೋರಿಸಿದರು. ಆ ಔಷಧವನ್ನು ಅವರಿಗೆ ಒದಗಿಸಿದ ತಂಡದ ಮುಖ್ಯಸ್ಥರು ನಮ್ಮ ನೆರೆಯ ಆಂಧ್ರದವರಾದ ಯಲ್ಲಾಪ್ರಗಡ ಸುಬ್ಬರಾವ್. ಇಂದು ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ 'ಎ.ಎಲ್.ಎಲ್.' ಎಂಬ ಬಗೆಯ ರಕ್ತದ ಕ್ಯಾನ್ಸರಿನಲ್ಲಿ, ಮುಂದುವರಿದ ದೇಶಗಳಲ್ಲಿ 10 ಮಕ್ಕಳಲ್ಲಿ 9ರಷ್ಟು ಮಕ್ಕಳು ಬದುಕುಳಿಯುತ್ತಿದ್ದಾರೆ. ನಮ್ಮ ದೇಶದಲ್ಲಿ ಈ ಪ್ರಮಾಣ ಅಷ್ಟಿಲ್ಲ. ತಡವಾಗಿ ಆಸ್ಪತ್ರೆಗೆ ಬರುವುದು, ಚಿಕಿತ್ಸೆಯನ್ನು ನಡುವೆಯೇ ಬಿಡುವುದು, ಮತ್ತು ಸೋಂಕು, ಇವು ಇದಕ್ಕೆ ಮುಖ್ಯ ಕಾರಣಗಳು. ಈ ಮೂರರಲ್ಲಿಯೂ ಮನೆಯವರ ಕೈಯಲ್ಲಿ ಸಾಧ್ಯವಾಗುವ ಕೆಲಸ ಸಾಕಷ್ಟಿದೆ.

ಬೂಷ್ಟಿಗೆ ದಾರಿ ಆಗುವುದು ಹೇಗೆ?

ಕೀಮೋ ಎಂದು ಕರೆಯುವ ಔಷಧಗಳು ವೇಗವಾಗಿ ಬೆಳೆಯುವ ಕಣಗಳನ್ನು ಕೊಲ್ಲುತ್ತವೆ. ಕ್ಯಾನ್ಸರ್ ಕಣಗಳ ಜೊತೆಗೆ ಒಳ್ಳೆಯ ಬಿಳಿ ಕಣಗಳೂ ಸಾಯುತ್ತವೆ. ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಎಂಬುದೊಂದು ಬಗೆ. ಇವು ನಮ್ಮ ದೇಹದ ಕಾವಲುಗಾರರು. ಆರೋಗ್ಯವಂತ ಮಗುವಿನ ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಇವು ಸಾಮಾನ್ಯವಾಗಿ 1500ಕ್ಕಿಂತ ಹೆಚ್ಚಿರುತ್ತವೆ. 500ಕ್ಕಿಂತ ಕೆಳಗಿಳಿದರೆ ಅಪಾಯ. ಹತ್ತು ದಿನಗಳಿಗಿಂತ ಹೆಚ್ಚು ಕಾಲ ಅದೇ ಮಟ್ಟದಲ್ಲಿ ನಿಂತರೆ ಶಿಲೀಂಧ್ರದ ಅಪಾಯ ಬಹಳವಾಗಿ ಏರುತ್ತದೆ.

ಇದರ ಜೊತೆಗೆ ಚಿಕಿತ್ಸೆಯ ಮೊದಲ ನಾಲ್ಕೈದು ವಾರಗಳಲ್ಲಿ ಸ್ಟೆರಾಯ್ಡ್ ಮಾತ್ರೆಗಳನ್ನೂ ಕೊಡುತ್ತಾರೆ. ಕ್ಯಾನ್ಸರನ್ನು ಹಿಮ್ಮೆಟ್ಟಿಸಲು ಅವು ಬೇಕೇ ಬೇಕು, ಆದರೆ ಅವು ದೇಹದ ಪ್ರತಿರೋಧ ಶಕ್ತಿಯನ್ನು ಕುಗ್ಗಿಸುತ್ತವೆ, ರಕ್ತದಲ್ಲಿ ಸಕ್ಕರೆಯನ್ನೂ ಏರಿಸಬಹುದು. ಬಾಯಿ ಮತ್ತು ಕರುಳಿನ ಒಳಪದರ ಕೀಮೋದಿಂದ ಸವೆದು ಹುಣ್ಣಾಗುತ್ತದೆ. ಔಷಧ ಕೊಡಲು ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಗೆಯೂ ಸೋಂಕಿಗೆ ಒಂದು ಬಾಗಿಲಾಗಬಹುದು. ಸೋಂಕಿಗೆಂದು ಕೊಡುವ ಆಂಟಿಬಯಾಟಿಕ್ ಔಷಧಗಳು ಬ್ಯಾಕ್ಟೀರಿಯಾಗಳನ್ನು ಕೊಂದಾಗ, ಅವುಗಳ ಜಾಗವನ್ನು ಶಿಲೀಂಧ್ರ ಹಿಡಿಯುತ್ತದೆ.

ಈ ಕೊನೆಯ ಮಾತು ಹೈನುಗಾರರಿಗೆ ಬೇಗ ಅರ್ಥವಾದೀತು. ಕೆಚ್ಚಲು ಬಾವಿಗೆ ಟ್ಯೂಬಿನ ಮೇಲೆ ಟ್ಯೂಬು ಏರಿಸಿದರೂ ಕೆಲವೊಮ್ಮೆ ಬಾವು ಇಳಿಯುವುದಿಲ್ಲ. ಹಾಲನ್ನು ಪರೀಕ್ಷಿಸಿದಾಗ ಅಲ್ಲಿರುವುದು ಬ್ಯಾಕ್ಟೀರಿಯಾ ಆಗಿರದೆ ಶಿಲೀಂಧ್ರವಾಗಿರುವುದುಂಟು. ಆಗ ಎಷ್ಟೇ ಬೆಲೆಯ ಆಂಟಿಬಯಾಟಿಕ್ ಹಾಕಿದರೂ ಪ್ರಯೋಜನವಿಲ್ಲ. ಮಕ್ಕಳ ವಿಷಯದಲ್ಲೂ ಇದೇ ತತ್ವ. ಬ್ಯಾಕ್ಟೀರಿಯಾದ ಮದ್ದು ಬೇರೆ, ಬೂಷ್ಟಿನ ಮದ್ದು ಬೇರೆ.

ಕಾಡುವ ಮೂರು ಶಿಲೀಂಧ್ರಗಳು

ಮೊದಲನೆಯದು ಕ್ಯಾಂಡಿಡಾ. ಇದು ಎಲ್ಲರ ಬಾಯಿ, ಕರುಳುಗಳಲ್ಲಿ ಸದ್ದಿಲ್ಲದೆ ಇರುವಂಥದು. ಪ್ರತಿರೋಧ ಶಕ್ತಿ ಕುಗ್ಗಿದಾಗ ಮಗುವಿನ ನಾಲಿಗೆ, ಕೆನ್ನೆಯ ಒಳಭಾಗಗಳಲ್ಲಿ ಮೊಸರಿನ ಗರಣೆಯಂತೆ ಬಿಳಿ ಪೊರೆ ಕಟ್ಟುತ್ತದೆ. ಅಷ್ಟಕ್ಕೇ ನಿಂತರೆ ಸುಲಭ. ಕರುಳಿನ ಹುಣ್ಣಿನ ಮೂಲಕವೋ ನಳಿಗೆಯ ಮೂಲಕವೋ ರಕ್ತಕ್ಕೆ ಇಳಿದರೆ ಪಿತ್ತಜನಕಾಂಗ, ಗುಲ್ಮ, ಕಣ್ಣುಗಳವರೆಗೂ ಹೋಗುತ್ತದೆ.

ಎರಡನೆಯದು ಆಸ್ಪರ್ಜಿಲಸ್. ಹುಲ್ಲು, ಹಿಂಡಿ, ಕಾಳುಗಳ ಮೇಲಿನ ಹಸಿರು-ಕಪ್ಪು ಬೂಷ್ಟಿನಲ್ಲಿ ಹೆಚ್ಚಾಗಿ ಇರುವುದು ಇದೇ. ಇದರ ಬೀಜಕಣಗಳು ಒಂದು ಮಿಲಿಮೀಟರಿನ ಸಾವಿರದ ಎರಡು ಮೂರು ಭಾಗದಷ್ಟು ಚಿಕ್ಕವು. ಗಾಳಿಯಲ್ಲಿ ತೇಲಿ ನೇರವಾಗಿ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ಕೆಮ್ಮು, ಎದೆನೋವು, ಕಫದಲ್ಲಿ ರಕ್ತ ಇದರ ಚಿಹ್ನೆಗಳು. ಆದರೆ ಬಿಳಿ ಕಣಗಳೇ ಇಲ್ಲದ ಮಗುವಿನಲ್ಲಿ ಮೊದಲಿಗೆ ಜ್ವರ ಬಿಟ್ಟರೆ ಬೇರೇನೂ ಕಾಣದಿರಬಹುದು.

ಮೂರನೆಯದು ಮ್ಯೂಕರ್. 2021ರ ಕೋವಿಡ್ ಎರಡನೆಯ ಅಲೆಯಲ್ಲಿ 'ಕಪ್ಪು ಶಿಲೀಂಧ್ರ' ಎಂದು ಊರೂರಿನಲ್ಲೂ ಹೆಸರಾದದ್ದು ಇದೇ. ತಿಪ್ಪೆ, ಕೊಳೆತ ಎಲೆ, ಹಳಸಿದ ಆಹಾರಗಳಲ್ಲಿ ಬೆಳೆಯುತ್ತದೆ. ಮೂಗಿನ ಪಕ್ಕದ ಟೊಳ್ಳುಗಳಲ್ಲಿ ಕುಳಿತು ಕಣ್ಣು, ಮಿದುಳುಗಳ ಕಡೆಗೆ ಹಬ್ಬುತ್ತದೆ. ಒಂದು ಕೆನ್ನೆ ಊದುವುದು, ಕಣ್ಣಿನ ಸುತ್ತ ಬಾವು, ಮೂಗಿನಲ್ಲಿ ಅಥವಾ ಅಂಗಳದಲ್ಲಿ (ಬಾಯಿಯ ಮೇಲ್ಛಾವಣಿಯಲ್ಲಿ) ಕಪ್ಪು ಕಲೆ ಕಂಡರೆ ಆ ದಿನವೇ ವೈದ್ಯರಿಗೆ ತೋರಿಸಬೇಕು. ಬೇರೆ ದೇಶಗಳಿಗಿಂತ ನಮ್ಮ ದೇಶದಲ್ಲಿ ಇದರ ಕಾಟ ಹೆಚ್ಚು.

ಜ್ವರ ಬಂದ ಮೊದಲ ಗಂಟೆ

ಬೇರೆ ಮಕ್ಕಳಿಗೆ ಜ್ವರ ಬಂದರೆ ಒಂದು ದಿನ ಕಾದು ನೋಡುವುದು ವಾಡಿಕೆ. ಕೀಮೋ ಪಡೆಯುತ್ತಿರುವ ಮಗುವಿಗೆ ಅದು ಸಲ್ಲದು. ಥರ್ಮಾಮೀಟರಿನಲ್ಲಿ ಒಂದು ಬಾರಿ 101 ಡಿಗ್ರಿ ಬಂದರೆ, ಅಥವಾ 100.4 ಡಿಗ್ರಿ ಒಂದು ಗಂಟೆ ನಿಂತರೆ ಅದನ್ನು ತುರ್ತು ಪರಿಸ್ಥಿತಿ ಎಂದೇ ಭಾವಿಸಬೇಕು. ಮೈ ಮುಟ್ಟಿ ನೋಡಿ ಅಂದಾಜು ಮಾಡಬೇಡಿ. ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಂಡು ಕಂಕುಳಲ್ಲಿ ಇಟ್ಟು ನೋಡಿ. ಗುದದ್ವಾರದಲ್ಲಿ ಇಡಲೇಬಾರದು, ಅಲ್ಲಿ ಗಾಯವಾದರೆ ಸೋಂಕಿಗೆ ಹೊಸ ದಾರಿಯಾಗುತ್ತದೆ. ಜ್ವರ ಎಷ್ಟಿದೆಯೆಂದು ಬರೆದುಕೊಳ್ಳದೆ, ಆಸ್ಪತ್ರೆಗೆ ತಿಳಿಸದೆ ಜ್ವರದ ಮಾತ್ರೆ ಕೊಡಬೇಡಿ. ಮಾತ್ರೆಯಿಂದ ಜ್ವರ ಇಳಿಯುತ್ತದೆ, ಸೋಂಕು ಇಳಿಯುವುದಿಲ್ಲ.

ಇನ್ನೊಂದು ಸಂಗತಿ. ಸ್ಟೆರಾಯ್ಡ್ ತೆಗೆದುಕೊಳ್ಳುವ ಮಗುವಿಗೆ ಸೋಂಕು ತೀವ್ರವಾಗಿದ್ದರೂ ಜ್ವರವೇ ಬಾರದಿರಬಹುದು. ಮಗು ಮಂಕಾಗಿ ಮಲಗಿದ್ದರೆ, ಕೈಕಾಲು ತಣ್ಣಗಾಗಿದ್ದರೆ, ಹೊಟ್ಟೆ ನೋವೆಂದು ಅತ್ತರೆ, ಉಸಿರಾಟ ಜೋರಾಗಿದ್ದರೆ ಜ್ವರವಿಲ್ಲವೆಂದು ಸುಮ್ಮನಿರಬೇಡಿ.

ನಮ್ಮ ಜಿಲ್ಲೆಯ ಬಹುಪಾಲು ಕುಟುಂಬಗಳು ಈ ಚಿಕಿತ್ಸೆಗೆ ಬೆಂಗಳೂರಿಗೆ ಹೋಗುತ್ತವೆ. ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಕ್ಯಾನ್ಸರಿಗೆಂದೇ ಕೆಲಸ ಮಾಡುತ್ತಿದ್ದು, ಅಲ್ಲಿ ಮಕ್ಕಳಿಗೆ ಪ್ರತ್ಯೇಕ ವಿಭಾಗವಿದೆ. ಕುಣಿಗಲ್‌ನಿಂದ ನೆಲಮಂಗಲದ ಮೇಲೆ ಬೆಂಗಳೂರಿಗೆ ಸುಮಾರು 70 ಕಿ.ಮೀ. ತುಮಕೂರು ನಗರದಿಂದಲೂ ಅಷ್ಟೇ. ಗುಬ್ಬಿಯವರಿಗೆ ತುಮಕೂರಿನವರೆಗೆ ಇನ್ನೂ 20 ಕಿ.ಮೀ. ಸೇರುತ್ತದೆ. ರಾತ್ರಿ ಜ್ವರ ಬಂದರೆ ಬೆಳಗಿನ ಬಸ್ಸಿಗೆ ಹೊರಡೋಣವೆಂದು ಕಾಯುವುದೇ ದೊಡ್ಡ ಅಪಾಯ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್‌ನ ಮೊದಲ ಡೋಸು ರಕ್ತನಾಳಕ್ಕೆ ಹೋಗಬೇಕು ಎಂಬುದು ಎಲ್ಲ ಕಡೆಯ ವೈದ್ಯರೂ ಒಪ್ಪುವ ನಿಯಮ.

ಆದುದರಿಂದ ಮೊದಲೇ ಒಂದು ಏರ್ಪಾಡು ಮಾಡಿಕೊಳ್ಳಿ. ಮಗುವನ್ನು ಮನೆಗೆ ಕಳುಹಿಸುವಾಗಲೇ ಚಿಕಿತ್ಸೆ ಕೊಡುವ ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ: ಮಗುವಿನ ಕಾಯಿಲೆ, ನಡೆಯುತ್ತಿರುವ ಔಷಧ, ತೂಕ, ಜ್ವರ ಬಂದರೆ ಕೊಡಬೇಕಾದ ಮೊದಲ ಇಂಜೆಕ್ಷನ್, ಫೋನ್ ಮಾಡಬೇಕಾದ ಸಂಖ್ಯೆ. ಜ್ವರ ಬಂದಾಗ ಆ ಸಂಖ್ಯೆಗೆ ಫೋನ್ ಮಾಡಿ. ಅವರು ಹೇಳಿದಲ್ಲಿ ಗುಬ್ಬಿ ಅಥವಾ ಕುಣಿಗಲ್ ತಾಲ್ಲೂಕು ಆಸ್ಪತ್ರೆಯಲ್ಲೋ ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲೋ ಆ ಪತ್ರ ತೋರಿಸಿ ಮೊದಲ ಡೋಸು ಹಾಕಿಸಿಕೊಂಡು ನಂತರ ಬೆಂಗಳೂರಿಗೆ ಹೊರಡಬಹುದು. 2008ರಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸ್ ಸೇವೆಯನ್ನೂ ಬಳಸಿಕೊಳ್ಳಬಹುದು. ಈ ಮಕ್ಕಳಿಗೆ ತೊಡೆಗೆ, ಕುಂಡಿಗೆ ಇಂಜೆಕ್ಷನ್ ಚುಚ್ಚುವುದಕ್ಕೆ ಮುಂಚೆ ಪ್ಲೇಟ್‌ಲೆಟ್ ಕಡಿಮೆಯಿರಬಹುದೆಂದು ಹೇಳಲು ಮರೆಯಬೇಡಿ.

ನಾಲ್ಕನೆಯ ದಿನದ ತೀರ್ಮಾನ

ಆಸ್ಪತ್ರೆಗೆ ಸೇರಿಸಿದ ಮೇಲೆ ರಕ್ತದ ಕಣಗಳ ಎಣಿಕೆ, ರಕ್ತದ ಕಲ್ಚರ್ ಪರೀಕ್ಷೆ ಮಾಡಿ ಆಂಟಿಬಯಾಟಿಕ್ ಆರಂಭಿಸುತ್ತಾರೆ. ಅನೇಕ ಮಕ್ಕಳಿಗೆ ಎರಡು ಮೂರು ದಿನಗಳಲ್ಲಿ ಜ್ವರ ಇಳಿಯುತ್ತದೆ. ಬಲವಾದ ಆಂಟಿಬಯಾಟಿಕ್ ಕೊಟ್ಟು ನಾಲ್ಕು ದಿನ, ಅಂದರೆ 96 ಗಂಟೆ ಕಳೆದರೂ ಜ್ವರ ಬಿಡದಿದ್ದರೆ, ಬಿಳಿ ಕಣಗಳೂ ಏರದಿದ್ದರೆ ವೈದ್ಯರು ಶಿಲೀಂಧ್ರವನ್ನು ಶಂಕಿಸುತ್ತಾರೆ.

ಇಲ್ಲಿ ಒಂದು ಕಷ್ಟವಿದೆ. ಶಿಲೀಂಧ್ರವನ್ನು ಪರೀಕ್ಷೆಯಲ್ಲಿ ಹಿಡಿಯುವುದು ಸುಲಭವಲ್ಲ. ಕ್ಯಾಂಡಿಡಾ ರಕ್ತದಲ್ಲಿ, ಅಂಗಗಳಲ್ಲಿ ಹರಡಿದ್ದರೂ ಕಲ್ಚರಿನಲ್ಲಿ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ಸಿಗುತ್ತದೆ. ಆಸ್ಪರ್ಜಿಲಸ್ ರಕ್ತದ ಕಲ್ಚರಿನಲ್ಲಿ ಸಿಗುವುದೇ ಅಪರೂಪ. ಅದರ ಅಂಶವನ್ನು ರಕ್ತದಲ್ಲಿ ಹುಡುಕುವ ಗ್ಯಾಲಕ್ಟೋಮ್ಯಾನನ್ ಎಂಬ ಪರೀಕ್ಷೆ ಇದೆಯಾದರೂ ಅದೊಂದನ್ನೇ ನಂಬುವಂತಿಲ್ಲ, ಮ್ಯೂಕರ್ ಅದರಲ್ಲಿ ತೋರುವುದೂ ಇಲ್ಲ. ಆದ್ದರಿಂದ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಸಾಧಾರಣ ಎಕ್ಸ್-ರೇಯಲ್ಲಿ ಕಾಣದ ಚಿಕ್ಕ ಗಂಟುಗಳು ಅದರಲ್ಲಿ ಕಾಣುತ್ತವೆ. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿ ಪಿತ್ತಜನಕಾಂಗ, ಗುಲ್ಮಗಳನ್ನು ನೋಡುತ್ತಾರೆ. ಅಗತ್ಯವಿದ್ದರೆ ಶ್ವಾಸನಾಳಕ್ಕೆ ಸಣ್ಣ ಕೊಳವೆ ಇಳಿಸಿ ತೊಳೆದ ನೀರನ್ನೋ ಮೂಗಿನ ಒಳಗಿನ ಚೂರನ್ನೋ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ.

ಈ ಎಲ್ಲ ಫಲಿತಾಂಶ ಬರುವವರೆಗೆ ಕಾದರೆ ಹೊತ್ತು ಮೀರುತ್ತದೆ. ಆದುದರಿಂದ ರೋಗ ಖಚಿತವಾಗುವ ಮುನ್ನವೇ ಶಿಲೀಂಧ್ರದ ಮದ್ದನ್ನು ಆರಂಭಿಸುವುದು ಪದ್ಧತಿ. 'ಏನೂ ಸಿಗದಿದ್ದರೂ ಯಾಕೆ ದುಬಾರಿ ಔಷಧ ಕೊಡುತ್ತಿದ್ದಾರೆ?' ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಕಾರಣ ಇದೇ. ಸಂಶಯ ಬಂದಾಗ ವೈದ್ಯರನ್ನೇ ಕೇಳಿ ತಿಳಿದುಕೊಳ್ಳಿ, ಮಗುವನ್ನು ಮಾತ್ರ ಡಿಸ್ಚಾರ್ಜ್ ಮಾಡಿಸಿಕೊಂಡು ಬರಬೇಡಿ.

ಬೂಷ್ಟನ್ನು ಕೊಲ್ಲುವ ಔಷಧಗಳು

ಈ ಔಷಧಗಳಲ್ಲಿ ಹಿರಿಯದು ಆಂಫೊಟೆರಿಸಿನ್. 1955ರಲ್ಲಿ ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ಓರಿನೋಕೊ ನದಿಯ ಕಡೆಯ ಮಣ್ಣಿನಲ್ಲಿದ್ದ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಯಿಂದ ಇದನ್ನು ಪಡೆದರು. ಮೊದಲ ಮಳೆಗೆ ನೆಲದಿಂದ ಬರುವ ಮಣ್ಣಿನ ವಾಸನೆಗೆ ಕಾರಣವಾಗುವ ಜೀವಿಗಳ ವಂಶವೇ ಇದು. ಬೂಷ್ಟು ಬರುವುದೂ ಮಣ್ಣಿನಿಂದ, ಅದರ ಮದ್ದು ಸಿಕ್ಕಿದ್ದೂ ಮಣ್ಣಿನಲ್ಲಿ. ನಮ್ಮ ದೇಶದಲ್ಲಿಯೂ ಪುಣೆಯ ಹತ್ತಿರದ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯಲ್ಲಿ ಮಂಡಯಂ ಜೀರಸನ್ನಿಧಿ ತಿರುಮಲಾಚಾರ್ ಎಂಬ ಶಿಲೀಂಧ್ರ ವಿಜ್ಞಾನಿ ಮತ್ತು ಅವರ ಸಂಗಡಿಗರು ಇದೇ ಗುಂಪಿಗೆ ಸೇರಿದ ಹ್ಯಾಮೈಸಿನ್ ಎಂಬ ಔಷಧವನ್ನು ಕಂಡುಹಿಡಿದರು.

ಹಳೆಯ ಬಗೆಯ ಆಂಫೊಟೆರಿಸಿನ್ ಬೆಲೆಯಲ್ಲಿ ಕಡಿಮೆ. ಆದರೆ ಹನಿಹನಿಯಾಗಿ ನಾಲ್ಕರಿಂದ ಆರು ಗಂಟೆ ಕಾಲ ಏರಿಸುವಾಗ ಮಗುವಿಗೆ ಚಳಿ, ನಡುಕ, ಜ್ವರ ಬರಬಹುದು. ಕಿಡ್ನಿಗೆ ತೊಂದರೆಯಾಗುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಅದಕ್ಕಾಗಿ ಔಷಧಕ್ಕೆ ಮುಂಚೆ ಉಪ್ಪುನೀರಿನ ಡ್ರಿಪ್ ಕೊಟ್ಟು, ಆಗಾಗ ರಕ್ತಪರೀಕ್ಷೆ ಮಾಡುತ್ತಾರೆ. ಅದೇ ಔಷಧವನ್ನು ಕೊಬ್ಬಿನ ಸೂಕ್ಷ್ಮ ಗುಳಿಗೆಗಳಲ್ಲಿ ತುಂಬಿ ಮಾಡಿದ್ದು ಲೈಪೋಸೋಮಲ್ ಆಂಫೊಟೆರಿಸಿನ್. ಕಿಡ್ನಿಗೆ ಇದರ ತೊಂದರೆ ಕಡಿಮೆ, ಬೆಲೆ ಬಹಳ ಹೆಚ್ಚು. ಮ್ಯೂಕರ್ ಸೋಂಕಿಗೆ ಇದೇ ಮುಖ್ಯ ಔಷಧ. 2021ರಲ್ಲಿ ಕಪ್ಪು ಶಿಲೀಂಧ್ರ ಹರಡಿ, ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಂಥ ಕಡೆ ರೋಗಿಗಳು ತುಂಬಿದಾಗ ದೇಶದಲ್ಲೆಲ್ಲ ಅಭಾವವಾದದ್ದು ಇದೇ ಔಷಧಕ್ಕೆ. ಮ್ಯೂಕರ್ ಹಿಡಿದ ಭಾಗಕ್ಕೆ ರಕ್ತ ಹರಿಯುವುದಿಲ್ಲವಾದ್ದರಿಂದ ಔಷಧವೊಂದೇ ಸಾಲದು. ಕಪ್ಪಾಗಿ ಸತ್ತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ.

ಕ್ಯಾಂಡಿಡಾಕ್ಕೆ ಕ್ಯಾಸ್ಪೊಫಂಜಿನ್, ಮೈಕಾಫಂಜಿನ್ ಎಂಬ ಹೊಸ ಔಷಧಗಳಿವೆ. ಇವು ಶಿಲೀಂಧ್ರದ ಹೊರಗೋಡೆ ಕಟ್ಟದಂತೆ ತಡೆಯುತ್ತವೆ. ಮನುಷ್ಯರ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲದಿರುವುದರಿಂದ ಅಡ್ಡ ಪರಿಣಾಮ ಕಡಿಮೆ. ರಕ್ತದಲ್ಲಿ ಕ್ಯಾಂಡಿಡಾ ಇದ್ದರೆ ದೊಡ್ಡ ನಳಿಗೆಯನ್ನು ತೆಗೆಯಬೇಕಾಗಬಹುದು. ರಕ್ತ ಶುದ್ಧವಾದ ಮೇಲೂ ಕನಿಷ್ಠ 14 ದಿನ ಔಷಧ ಮುಂದುವರಿಸುತ್ತಾರೆ.

ಆಸ್ಪರ್ಜಿಲಸ್‌ಗೆ ವೊರಿಕೊನಜೋಲ್ ಮುಖ್ಯ ಔಷಧ. ಇದನ್ನು ಮೊದಲು ಇಂಜೆಕ್ಷನ್ನಾಗಿ, ನಂತರ ಮಾತ್ರೆಯಾಗಿ ಕನಿಷ್ಠ ಆರರಿಂದ ಹನ್ನೆರಡು ವಾರ ಕೊಡುತ್ತಾರೆ. ಚಿಕ್ಕ ಮಕ್ಕಳ ದೇಹ ಇದನ್ನು ದೊಡ್ಡವರಿಗಿಂತ ಬೇಗ ಕರಗಿಸುವುದರಿಂದ ತೂಕಕ್ಕೆ ತಕ್ಕಂತೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ರಕ್ತದಲ್ಲಿ ಔಷಧದ ಮಟ್ಟವನ್ನು ಪರೀಕ್ಷಿಸಿ ಡೋಸು ಹೊಂದಿಸುತ್ತಾರೆ. ಈ ಮಾತ್ರೆ ತೆಗೆದುಕೊಳ್ಳುವಾಗ ಮಗುವನ್ನು ಬಿಸಿಲಿಗೆ ಬಿಡಬಾರದು, ಚರ್ಮ ಸುಡುತ್ತದೆ. ವೊರಿಕೊನಜೋಲ್ ಮ್ಯೂಕರನ್ನು ಕೊಲ್ಲುವುದಿಲ್ಲ. ಯಾವ ಶಿಲೀಂಧ್ರವೆಂದು ತಿಳಿಯಲು ವೈದ್ಯರು ಚೂರು ತೆಗೆದು ಪರೀಕ್ಷಿಸುವುದು ಈ ಕಾರಣಕ್ಕೇ.

ಅಂಗಡಿಯ ಮಾತ್ರೆಯಿಂದ ಆಗುವ ಅನಾಹುತ

ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ವಿಂಕ್ರಿಸ್ಟಿನ್ ಎಂಬ ಇಂಜೆಕ್ಷನ್ ಬಹಳ ಮುಖ್ಯ. ನಮ್ಮ ಮನೆಯಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪ ಅಥವಾ ಕಾಶಿ ಕಣಗಿಲೆ ಗಿಡದಿಂದ ಈ ಔಷಧವನ್ನು ತೆಗೆಯುತ್ತಾರೆ. ಇದನ್ನು ಕೇಳಿ ಆ ಗಿಡದ ಎಲೆಯ ರಸ ಕುಡಿಸಲು ಹೋಗಬೇಡಿ, ಅದು ವಿಷ. ಅಳತೆ ಮಾಡಿ ಶುದ್ಧಗೊಳಿಸಿದ ಔಷಧ ಮಾತ್ರ ಚಿಕಿತ್ಸೆಗೆ ಸಲ್ಲುತ್ತದೆ.

ಇಟ್ರಾಕೊನಜೋಲ್, ವೊರಿಕೊನಜೋಲ್, ಪೊಸಕೊನಜೋಲ್ ಮಾತ್ರೆಗಳು ಪಿತ್ತಜನಕಾಂಗದಲ್ಲಿ ವಿಂಕ್ರಿಸ್ಟಿನ್ ಕರಗುವುದನ್ನು ತಡೆಯುತ್ತವೆ. ಆಗ ವಿಂಕ್ರಿಸ್ಟಿನ್ ದೇಹದಲ್ಲೇ ಉಳಿದು ನರಗಳನ್ನು ಸುಡುತ್ತದೆ. ಮಲ ಕಟ್ಟಿ ಹೊಟ್ಟೆ ಉಬ್ಬುವುದು, ದವಡೆ ನೋವು, ಪಾದ ಎತ್ತಲಾಗದೆ ಕಾಲೆಳೆಯುವುದು, ಫಿಟ್ಸ್ ಬರುವುದು ಸಾಧ್ಯ. ಆ ಕಾರಣದಿಂದ ವಿಂಕ್ರಿಸ್ಟಿನ್ ನಡೆಯುತ್ತಿರುವಾಗ ವೈದ್ಯರು ಸಾಮಾನ್ಯವಾಗಿ ಆಂಫೊಟೆರಿಸಿನ್ ಅಥವಾ ಕ್ಯಾಸ್ಪೊಫಂಜಿನ್ ಗುಂಪಿನ ಔಷಧವನ್ನೇ ಆರಿಸುತ್ತಾರೆ.

ಕರುಗಳಿಗೆ ಆಗುವ ಹುಳುಕಡ್ಡಿ ಮನೆಯವರ ಮೈಗೂ ತಗಲುವುದುಂಟು. ಅದಕ್ಕೆಂದು ಔಷಧದ ಅಂಗಡಿಯಲ್ಲಿ ಕೊಂಡು ತಂದ ಇಟ್ರಾಕೊನಜೋಲ್ ಮಾತ್ರೆ ಎಷ್ಟೋ ಮನೆಗಳಲ್ಲಿ ಇರುತ್ತದೆ. ಮಗುವಿನ ಮೈಯಲ್ಲಿ ಕಜ್ಜಿಯೋ ಬಾಯಲ್ಲಿ ಬಿಳಿ ಪೊರೆಯೋ ಕಂಡಿತೆಂದು ಅದನ್ನು ಕೊಡಬೇಡಿ. ಯಾವ ಮಾತ್ರೆಯನ್ನಾಗಲಿ, ನಾಟಿ ಔಷಧಿಯನ್ನಾಗಲಿ ಚಿಕಿತ್ಸೆ ಕೊಡುವ ವೈದ್ಯರನ್ನು ಕೇಳದೆ ಕೊಡಬಾರದು.

ಕ್ಯಾನ್ಸರಿನ ಚಿಕಿತ್ಸೆ ನಿಲ್ಲಿಸಬೇಕೆ?

ತಂದೆ ತಾಯಿಯರನ್ನು ಹೆಚ್ಚು ಕಾಡುವ ಪ್ರಶ್ನೆ ಇದು. ಕೀಮೋ ಮುಂದುವರಿಸಿದರೆ ಬಿಳಿ ಕಣಗಳು ಇನ್ನೂ ಇಳಿದು ಶಿಲೀಂಧ್ರ ಗೆಲ್ಲಬಹುದು. ನಿಲ್ಲಿಸಿದರೆ ಕ್ಯಾನ್ಸರ್ ಮತ್ತೆ ತಲೆ ಎತ್ತಬಹುದು. ವೈದ್ಯರು ಇವೆರಡನ್ನೂ ತೂಗಿ ನೋಡುತ್ತಾರೆ. ಸೋಂಕು ತೀವ್ರವಾಗಿದ್ದಾಗ ಕೀಮೋವನ್ನು ಕೆಲವು ದಿನ ಅಥವಾ ವಾರ ತಡೆಹಿಡಿಯುತ್ತಾರೆ ಇಲ್ಲವೇ ಕಡಿಮೆ ಮಾಡುತ್ತಾರೆ. ಬಿಳಿ ಕಣಗಳು ಏರಿ, ಸ್ಕ್ಯಾನಿನಲ್ಲಿ ಗಂಟುಗಳು ಕುಗ್ಗುವುದು ಕಂಡಾಗ ಮತ್ತೆ ಆರಂಭಿಸುತ್ತಾರೆ. ಆಗ ಶಿಲೀಂಧ್ರದ ಔಷಧವನ್ನೂ ಜೊತೆಯಲ್ಲೇ ನಡೆಸುತ್ತಾರೆ, ಇಲ್ಲವಾದರೆ ಮುಂದಿನ ಕೀಮೋಗೆ ಅದು ಮರುಕಳಿಸಬಹುದು.

ಜ್ವರ ಇಳಿದು ಮಗು ಓಡಾಡತೊಡಗಿದ ಕೂಡಲೇ 'ಗುಣವಾಯಿತು' ಎಂದು ಔಷಧ ಬಿಡುವುದೇ ಅಪಾಯದ ಹೆಜ್ಜೆ. ಎ.ಎಲ್.ಎಲ್. ಚಿಕಿತ್ಸೆ ಒಟ್ಟು ಎರಡರಿಂದ ಮೂರು ವರ್ಷ ನಡೆಯುತ್ತದೆ. ಶಿಲೀಂಧ್ರದ ಔಷಧ ವಾರಗಳು, ಕೆಲವೊಮ್ಮೆ ತಿಂಗಳುಗಳು. ಇವೆರಡನ್ನೂ ವೈದ್ಯರು ನಿಲ್ಲಿಸಿ ಎಂದಾಗಲೇ ನಿಲ್ಲಿಸಬೇಕು.

ಮನೆ ಮತ್ತು ಕೊಟ್ಟಿಗೆಯಲ್ಲಿ ವಹಿಸಬೇಕಾದ ಎಚ್ಚರ

ಹೈನುಗಾರಿಕೆಯ ಮನೆಯಲ್ಲಿ ಬೂಷ್ಟು ಸಂಪೂರ್ಣವಾಗಿ ಇಲ್ಲದಂತೆ ಮಾಡುವುದು ಆಗದ ಮಾತು. ಆದರೆ ಮಗುವನ್ನು ಅದರಿಂದ ದೂರ ಇಡುವುದು ಸಾಧ್ಯ.

ಮೆದೆ ಬಿಚ್ಚುವಾಗ, ಹುಲ್ಲು ಕತ್ತರಿಸುವಾಗ, ರಾಗಿ ಒಕ್ಕುವಾಗ, ತಿಪ್ಪೆ ತೆಗೆದು ಗೊಬ್ಬರ ಸಾಗಿಸುವಾಗ, ಸೈಲೇಜ್ ಗುಂಡಿ ತೆರೆಯುವಾಗ ಮಗು ಹತ್ತಿರ ಇರಬಾರದು. ಮಗುವಿನ ಹಾಸಿಗೆ ಕೊಟ್ಟಿಗೆಯಿಂದ, ಹಿಂಡಿ-ಬೂಸಾ ಮೂಟೆಗಳಿಂದ, ಕೊಬ್ಬರಿ ಅಟ್ಟದಿಂದ ದೂರವಿರುವ, ಗಾಳಿ ಬೆಳಕು ಬರುವ, ಗೋಡೆ ಒದ್ದೆಯಿಲ್ಲದ ಕೋಣೆಯಲ್ಲಿರಲಿ. ಒಂದೇ ಸೂರಿನಡಿ ರಾಸು ಮತ್ತು ಜನ ಇರುವ ಮನೆಯಾದರೆ ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ರಾಸುಗಳನ್ನಾಗಲಿ ಮಗುವನ್ನಾಗಲಿ ಬೇರೆಡೆ ಇಡುವ ವ್ಯವಸ್ಥೆ ಮಾಡಿ. ಹಳೆಯ ಗೋಡೆ ಕೆಡವುವುದು, ಹೆಂಚು ಇಳಿಸುವುದು, ಸುಣ್ಣ ಕೆರೆಯುವುದು ಮುಂತಾದ ಕೆಲಸಗಳನ್ನು ಮುಂದೂಡಿ. ಅಂಥ ಧೂಳಿನಲ್ಲಿ ಆಸ್ಪರ್ಜಿಲಸ್ ಹೇರಳವಾಗಿರುತ್ತದೆ. ಬಾಯಿಗೆ ಬಟ್ಟೆ ಕಟ್ಟಿದ ಮಾತ್ರಕ್ಕೆ ಈ ಕಣಗಳು ನಿಲ್ಲುವುದಿಲ್ಲ.

ಹಾಲು ಕರೆದವರು, ಸಗಣಿ ಬಾಚಿದವರು ಸೋಪಿನಿಂದ ಕೈಕಾಲು ತೊಳೆದು, ಬಟ್ಟೆ ಬದಲಿಸಿ ಮಗುವನ್ನು ಎತ್ತಿಕೊಳ್ಳಲಿ. ಹುಳುಕಡ್ಡಿ ಇರುವ ಕರುವಿನ ಹತ್ತಿರ ಮಗುವನ್ನು ಬಿಡಬೇಡಿ.

ಮಗುವಿಗೆ ಹಸಿ ಹಾಲು ಕೊಡಲೇಬಾರದು. ಚೆನ್ನಾಗಿ ಕಾಯಿಸಿದ ಹಾಲು, ಆಗತಾನೆ ಬೇಯಿಸಿದ ಅನ್ನ, ಮುದ್ದೆ, ಸಾರು, ಬೇಯಿಸಿದ ಮೊಟ್ಟೆ ಒಳ್ಳೆಯದು. ಮೊಸರು ಕೊಡಬಹುದೇ ಎಂಬುದನ್ನು ಬಿಳಿ ಕಣಗಳ ಎಣಿಕೆ ನೋಡಿ ವೈದ್ಯರು ಹೇಳುತ್ತಾರೆ, ಕೇಳಿಯೇ ಕೊಡಿ. ಬೂಷ್ಟಿನ ವಾಸನೆ ಬಂದ ಕೊಬ್ಬರಿ, ಕಡಲೆಕಾಯಿ ಬೀಜ, ರೊಟ್ಟಿ, ಬ್ರೆಡ್ಡುಗಳನ್ನು ಬೂಷ್ಟು ಕೆರೆದು ಕೊಡುವ ಅಭ್ಯಾಸ ಬೇಡ, ಎಸೆಯಿರಿ. ಮಗುವಿನ ಬಾಯಿಯನ್ನು ವೈದ್ಯರು ಹೇಳಿದಂತೆ ದಿನಕ್ಕೆ ಹಲವು ಬಾರಿ ಮುಕ್ಕಳಿಸಿ ಶುಚಿಯಾಗಿಡಿ. ಬಿಳಿ ಪೊರೆಯನ್ನು ಬಟ್ಟೆಯಿಂದ ಉಜ್ಜಿ ತೆಗೆಯಬೇಡಿ. ನಳಿಗೆ ಹಾಕಿದ ಜಾಗಕ್ಕೆ ಅರಿಸಿನ, ಬೇವಿನ ಎಲೆ, ಎಣ್ಣೆ ಯಾವುದನ್ನೂ ಹಚ್ಚಬಾರದು.

ಖರ್ಚಿನ ಮಾತು

ಶಿಲೀಂಧ್ರದ ಔಷಧಗಳು ದುಬಾರಿ ಎಂಬುದರಲ್ಲಿ ಸಂದೇಹವಿಲ್ಲ. ಮಗುವಿಗೆ ರೋಗ ಖಚಿತವಾದ ದಿನವೇ ಪಡಿತರ ಚೀಟಿ, ಆಧಾರ್ ಚೀಟಿಗಳೊಂದಿಗೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಾಣಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಉಳಿದವರಿಗೆ ವೆಚ್ಚದ ಒಂದು ಭಾಗ ದೊರೆಯುತ್ತದೆ. ಸಹಕಾರಿಗಳಿಗೆಂದೇ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಜಾರಿಗೆ ಬಂದ ಯಶಸ್ವಿನಿ ಯೋಜನೆಯನ್ನು ಸದಸ್ಯರು ಬಲ್ಲಿರಿ. ಯಾವ ಯೋಜನೆಯಲ್ಲಿ ಯಾವ ಚಿಕಿತ್ಸೆ ಸೇರಿದೆ, ಶಿಲೀಂಧ್ರದ ಔಷಧಕ್ಕೆ ಪ್ರತ್ಯೇಕ ಮಂಜೂರಾತಿ ಬೇಕೆ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಂಡರೆ ಆಮೇಲೆ ಅಲೆದಾಡುವುದು ತಪ್ಪುತ್ತದೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರೈಲು ಪ್ರಯಾಣದಲ್ಲಿ ರಿಯಾಯಿತಿ ಇದೆ. ಅದಕ್ಕೆ ಬೇಕಾದ ಪತ್ರವನ್ನು ಆಸ್ಪತ್ರೆಯಲ್ಲೇ ಕೊಡುತ್ತಾರೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ಕೀಮೋ ಪಡೆಯುವ ಮಗುವಿಗೆ 100.4 ಡಿಗ್ರಿ ಜ್ವರ ಒಂದು ಗಂಟೆ ನಿಂತರೆ, ಅಥವಾ ಒಮ್ಮೆ 101 ಡಿಗ್ರಿ ಬಂದರೆ ಕೂಡಲೇ ಆಸ್ಪತ್ರೆ, ಹಗಲಾಗಲಿ ರಾತ್ರಿಯಾಗಲಿ.
2. ಜ್ವರವಿಲ್ಲದಿದ್ದರೂ ಮಗು ಮಂಕಾದರೆ ಅದೂ ತುರ್ತೇ.
3. ವೈದ್ಯರ ಪತ್ರ ಮತ್ತು ಚಿಕಿತ್ಸೆಯ ಕಾಗದಗಳು ಒಂದೇ ಚೀಲದಲ್ಲಿ ಸದಾ ಸಿದ್ಧವಿರಲಿ.
4. ಆಂಟಿಬಯಾಟಿಕ್ ಕೊಟ್ಟು ನಾಲ್ಕು ದಿನವಾದರೂ ಇಳಿಯದ ಜ್ವರಕ್ಕೆ ಶಿಲೀಂಧ್ರದ ಔಷಧ ಬೇಕಾಗಬಹುದು.
5. ಕೆನ್ನೆ ಅಥವಾ ಕಣ್ಣಿನ ಬಾವು, ಮೂಗು ಅಥವಾ ಅಂಗಳದಲ್ಲಿ ಕಪ್ಪು ಕಲೆ, ಕಫದಲ್ಲಿ ರಕ್ತ ಕಂಡರೆ ತಡಮಾಡಬೇಡಿ.
6. ಅಂಗಡಿಯಿಂದ ತಂದ ಶಿಲೀಂಧ್ರದ ಮಾತ್ರೆ ಕೊಡಬೇಡಿ.
7. ಮೆದೆ, ತಿಪ್ಪೆ, ಬೂಷ್ಟು ಹಿಡಿದ ಮೇವುಗಳಿಂದ ಮಗುವನ್ನು ದೂರವಿಡಿ.
8. ವೈದ್ಯರು ಹೇಳುವವರೆಗೆ ಔಷಧ ನಿಲ್ಲಿಸಬೇಡಿ.

ಸಂಘದ ಸದಸ್ಯರಲ್ಲಿ ಒಂದು ವಿನಂತಿ

ರಕ್ತದ ಕ್ಯಾನ್ಸರ್ ಅಂಟುರೋಗವಲ್ಲ. ಮೇಲೆ ಹೇಳಿದ ಮೂರು ಶಿಲೀಂಧ್ರಗಳ ಸೋಂಕೂ ಆ ಮಗುವಿನಿಂದ ಮನೆಯವರಿಗಾಗಲಿ ನೆರೆಯವರಿಗಾಗಲಿ ಗಾಳಿಯಲ್ಲಿ ಹರಡುವಂಥದಲ್ಲ. ಆ ಮನೆಯವರು ಡೇರಿಗೆ ಹಾಕುವ ಹಾಲಿಗೆ ಇದರಿಂದ ಯಾವ ದೋಷವೂ ಇಲ್ಲ. ಯಾರಾದರೂ ಹಾಗೆ ಮಾತನಾಡಿದರೆ ತಿಳಿವಳಿಕೆ ಹೇಳಬೇಕಾದದ್ದು ಸಂಘದ ಹಿರಿಯರ ಕರ್ತವ್ಯ. ಹಾಗೆಯೇ ಶೀತ, ಜ್ವರ, ಅಮ್ಮ ಬಂದವರು ಆ ಮಗುವನ್ನು ನೋಡಲು ಹೋಗದಿರುವುದೂ ಒಂದು ಉಪಕಾರ.

ಶಿಲೀಂಧ್ರದ ಚಿಕಿತ್ಸೆಗೆ ತಾಯಿ ತಂದೆ ಬೆಂಗಳೂರಿನಲ್ಲಿ ವಾರಗಟ್ಟಲೆ ನಿಲ್ಲಬೇಕಾಗುತ್ತದೆ. ಇತ್ತ ಊರಿನಲ್ಲಿ ಹಸುಗಳು ಎರಡು ಹೊತ್ತೂ ಕರೆಸಿಕೊಳ್ಳಲು ಕಾಯುತ್ತವೆ. ಹುಲ್ಲು ನೀರು ನೋಡುವವರಿಲ್ಲ, ಹಾಲಿನ ಬಟವಾಡೆ ನಿಂತರೆ ಮನೆ ನಡೆಯುವುದಿಲ್ಲ. ಈ ಚಿಂತೆಯಿಂದಲೇ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಮಗುವನ್ನು ಕರೆತರುವ ಸಂದರ್ಭ ಬರುತ್ತದೆ. ಅಕ್ಕಪಕ್ಕದ ನಾಲ್ಕು ಮನೆಯವರು ಸರದಿಯಂತೆ ಆ ಹಸುಗಳನ್ನು ಕರೆದು, ಆ ಸದಸ್ಯರ ಹೆಸರಿನಲ್ಲಿಯೇ ಡೇರಿಗೆ ಹಾಲು ಹಾಕಿ, ಅವರ ಪಾಸ್ ಪುಸ್ತಕದಲ್ಲಿ ಬರೆಸಿದರೆ ಆ ತಂದೆ ತಾಯಿ ನಿಶ್ಚಿಂತೆಯಿಂದ ಆಸ್ಪತ್ರೆಯಲ್ಲಿ ಉಳಿಯಬಹುದು. ಔಷಧ ಕೊಡುವುದು ವೈದ್ಯರ ಕೆಲಸ. ಆ ಔಷಧದ ಅವಧಿ ಪೂರ್ತಿ ಮುಗಿಯುವಂತೆ ನೋಡಿಕೊಳ್ಳುವುದರಲ್ಲಿ ಸಹಕಾರ ಸಂಘದ ಪಾಲೂ ಇದೆ.